ಆಕಾಶದಲ್ಲಿ ಇನ್ನೊಂದು ಭೂಮಿ, ಕೈಯಲ್ಲಿ ಪೊರಕೆ

ಯುದ್ಧ, ಸ್ಫೋಟ, ಅನ್ಯಗ್ರಹ ಜೀವಿಗಳ ದಾಳಿ ಯಾವುದೂ ಇಲ್ಲದ, ಒಂದು ಪಾತ್ರ ತನ್ನನ್ನೇ ಎದುರಿಸುವಂಥ ಕಡಿಮೆ ಖರ್ಚಿನ ವೈಜ್ಞಾನಿಕ ಚಿತ್ರ ಯಾವುದಿದೆ ಎಂದು ಕೇಳಿದ್ದೀರಿ. ಒಂದೇ ಹೆಸರು ಹೇಳಬೇಕೆಂದರೆ 2011ರ ‘ಅನದರ್ ಅರ್ಥ್’. ನಿರ್ದೇಶಕ ಮೈಕ್ ಕಾಹಿಲ್. ಅವರ ಜೊತೆ ಸೇರಿ ಚಿತ್ರಕಥೆ ಬರೆದ ಬ್ರಿಟ್ ಮಾರ್ಲಿಂಗ್ ಅವರೇ ನಾಯಕಿ.

ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯ ಎಂಐಟಿಯಲ್ಲಿ ಸೀಟು ಸಿಕ್ಕ ಸಂಭ್ರಮದಲ್ಲಿ ಕುಡಿದು ಕಾರು ಓಡಿಸುತ್ತಿದ್ದ ರೋಡಾ ಎಂಬ ಹುಡುಗಿ, ಹೊಸ ಗ್ರಹವೊಂದು ಕಾಣಿಸುತ್ತಿದೆಯೆಂದು ರೇಡಿಯೋದಲ್ಲಿ ಕೇಳಿ ಕಿಟಕಿಯಿಂದ ತಲೆ ಹೊರಹಾಕಿ ಆಕಾಶ ನೋಡುತ್ತಾಳೆ. ಕಾರು ಇನ್ನೊಂದು ಕಾರಿಗೆ ಗುದ್ದುತ್ತದೆ. ಜಾನ್ ಎಂಬ ಸಂಗೀತಗಾರನ ಹೆಂಡತಿಯೂ ಮಗನೂ ಸಾಯುತ್ತಾರೆ, ಅವನು ಕೋಮಾಕ್ಕೆ ಜಾರುತ್ತಾನೆ. ನಾಲ್ಕು ವರ್ಷ ಜೈಲಿನಲ್ಲಿದ್ದು ಬಂದವಳು ಶಾಲೆಯೊಂದರಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರುತ್ತಾಳೆ. ಒಂದು ದಿನ ಕ್ಷಮೆ ಕೇಳಲೆಂದು ಜಾನ್‌ನ ಮನೆ ಬಾಗಿಲು ತಟ್ಟುತ್ತಾಳೆ. ಅವನು ಎದುರಿಗೆ ಬಂದು ನಿಂತಾಗ ಬಾಯಿ ಬರುವುದಿಲ್ಲ. ಮನೆ ಸ್ವಚ್ಛ ಮಾಡುವ ಕಂಪನಿಯವಳು, ಮೊದಲ ದಿನ ಉಚಿತ ಎಂದು ಬಿಡುತ್ತಾಳೆ. ಅವಳು ಯಾರೆಂದು ಅವನಿಗೆ ಗೊತ್ತಿಲ್ಲ. ಅಲ್ಲಿಂದ ಮುಂದೆ ಅವನ ಪಾತ್ರೆ ತೊಳೆಯುವುದು, ನೆಲ ಉಜ್ಜುವುದು, ಅವನು ಕೊಟ್ಟ ಚೆಕ್ಕನ್ನು ಹರಿದು ಹಾಕುವುದು. ನನ್ನ ಪಾಲಿಗೆ ಇಡೀ ಚಿತ್ರ ಆ ಚೆಕ್ಕಿನಲ್ಲಿದೆ: ಪ್ರಾಯಶ್ಚಿತ್ತವೂ ಹೌದು, ಅಪ್ಪಟ ಸುಳ್ಳೂ ಹೌದು.

ಹಾಗಾದರೆ ವಿಜ್ಞಾನ ಎಲ್ಲಿದೆ ಎಂದು ನೀವು ಕೇಳಬಹುದು. ಆ ಹೊಸ ಗ್ರಹ ನಮ್ಮ ಭೂಮಿಯದೇ ಪಡಿಯಚ್ಚು. ಅಲ್ಲಿಗೆ ಮೊದಲ ಸಲ ಸಂಪರ್ಕ ಸಾಧಿಸುವ ವಿಜ್ಞಾನಿಯ ಮಾತು ಟಿವಿಯಲ್ಲಿ ಬರುತ್ತದೆ. ಆಕೆ ತನ್ನ ಹೆಸರು ಹೇಳುತ್ತಿದ್ದಂತೆ ಆ ಕಡೆಯಿಂದಲೂ ಅದೇ ಹೆಸರು, ಅದೇ ಧ್ವನಿ. ಅವಳಿಗೆ ಮಾತ್ರ ತಿಳಿದಿರಬಹುದಾದ ಸಂಗತಿಗಳು ಅಲ್ಲಿನವಳಿಗೂ ತಿಳಿದಿವೆ. ತೋರಿಸಿರುವುದು ಒಂದು ಮುಖ, ಒಂದು ಧ್ವನಿ ಅಷ್ಟೇ; ಮೈ ಜುಮ್ಮೆನ್ನುತ್ತದೆ. ಅಲ್ಲಿ ಇನ್ನೊಬ್ಬ ರೋಡಾ ಇದ್ದರೆ, ಅವಳೂ ಆ ರಾತ್ರಿ ಕಾರು ಗುದ್ದಿದ್ದಾಳೆಯೇ? ಇಲ್ಲಿಂದ ಮುಂದಿನ ಕಥೆ ಹೇಳುವುದಿಲ್ಲ.

ಭೌತಶಾಸ್ತ್ರ ಓದಿದವರು ಹಲ್ಲು ಕಡಿಯುತ್ತಾರೆ, ನಿಜ. ಅಷ್ಟು ದೊಡ್ಡ ಗ್ರಹ ಅಷ್ಟು ಹತ್ತಿರ ಬಂದರೆ ಸಮುದ್ರದ ಉಬ್ಬರವಿಳಿತವೇ ಊರುಗಳನ್ನು ನುಂಗುತ್ತಿತ್ತು. ಚಿತ್ರ ಅದಕ್ಕೆ ಸೊಪ್ಪು ಹಾಕುವುದಿಲ್ಲ, ನಾನೂ ಹಾಕಲಿಲ್ಲ. ನನಗೆ ಕಿರಿಕಿರಿ ತಂದದ್ದು ಸುಮ್ಮನೆ ಹತ್ತಿರ ಹೋಗಿ ದೂರ ಸರಿಯುವ ಕ್ಯಾಮೆರಾ.

ರೋಡಾಳ ಜೊತೆ ಶಾಲೆ ಗುಡಿಸುವ ವೃದ್ಧನ ಪಾತ್ರವನ್ನು ಗಮನಿಸಿ. ಆ ನಟ ಇಂದೋರಿನಲ್ಲಿ ಹುಟ್ಟಿದ ಕುಮಾರ್ ಪಲ್ಲಾನ. ಅಮೆರಿಕಕ್ಕೆ ಹೋಗಿ ವೇದಿಕೆಯಲ್ಲಿ ತಟ್ಟೆ ತಿರುಗಿಸುವ ಆಟ ತೋರಿಸಿ ಬದುಕಿದವರು, ಯೋಗವನ್ನೂ ಕಲಿಸಿದವರು. ಮಾತು ಕಡಿಮೆ, ನೋಟವೇ ಸಾಕು. ಜಾನ್ ಬಡಗಿಯ ಗರಗಸವನ್ನು ಬಗ್ಗಿಸಿ ಕಮಾನಿನಿಂದ ನುಡಿಸುವ ದೃಶ್ಯವೂ ಇದೆ. ಹೆಡ್‌ಫೋನ್ ಹಾಕಿಕೊಂಡು ನೋಡಿ.

ಇದು ಹಿಡಿಸಿದರೆ 2009ರ ‘ಮೂನ್’ ನೋಡಿ, ಡಂಕನ್ ಜೋನ್ಸ್ ಅವರ ಚೊಚ್ಚಲ ಚಿತ್ರ. ಚಂದ್ರನಲ್ಲಿ ಇಂಧನಕ್ಕೆ ಬೇಕಾದ ಹೀಲಿಯಂ-3 ಅನಿಲದ ಗಣಿಗಾರಿಕೆಗೆ ಮೂರು ವರ್ಷದ ಗುತ್ತಿಗೆಯ ಮೇಲೆ ಹೋದ ಒಂಟಿ ನೌಕರನಿಗೆ ತನ್ನದೇ ಮುಖದ ಇನ್ನೊಬ್ಬ ಎದುರಾಗುತ್ತಾನೆ. ಇಬ್ಬರೂ ಪಿಂಗ್‌ಪಾಂಗ್ ಆಡುತ್ತಾರೆ, ಜಗಳವಾಡುತ್ತಾರೆ. ಸ್ಯಾಮ್ ರಾಕ್‌ವೆಲ್ ಒಬ್ಬರೇ ಎರಡೂ ಪಾತ್ರ ಮಾಡಿದ್ದರೂ ಯಾರು ಮುಂಗೋಪಿ, ಯಾರು ದಣಿದವನು ಎಂಬುದು ನಡಿಗೆಯಿಂದಲೇ ತಿಳಿಯುತ್ತದೆ. ನಟನೆಯ ಲೆಕ್ಕದಲ್ಲಿ ‘ಅನದರ್ ಅರ್ಥ್’ಗಿಂತ ಇದೇ ಒಂದು ಕೈ ಮೇಲು.

ಬೇರೆಯವರು ನಿಮಗೆ ಕಾಲದಲ್ಲಿ ಹಿಂದೆ ಹೋಗುವ ಕಥೆಯ 2004ರ ‘ಪ್ರೈಮರ್’ ಚಿತ್ರವನ್ನೂ ಹೇಳುತ್ತಾರೆ. ಸುಮಾರು 7,000 ಡಾಲರಿನಲ್ಲಿ ತೆಗೆದು ಸನ್‌ಡ್ಯಾನ್ಸ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೆದ್ದ ಚಿತ್ರವದು. ಒಗಟು ಬಿಡಿಸುವ ಹುಮ್ಮಸ್ಸಿದ್ದರೆ ನೋಡಿ. ನೀವು ಕೇಳಿದ್ದು ಮನುಷ್ಯರ ಕಥೆಯಾದ್ದರಿಂದ ನಾನು ಅದನ್ನು ಮುಂದಿಡುತ್ತಿಲ್ಲ.