ಔಷಧಿ ಹೊಡೆಯುವವರಿಗೆ ಕ್ಯಾನ್ಸರ್ ಭಯ ಎಷ್ಟು ನಿಜ?

ಪ್ರಶ್ನೆ: ನಮ್ಮ ತಂದೆಯವರು ಭದ್ರಾ ನಾಲೆಯ ನೀರಿನ ಗದ್ದೆಯಲ್ಲಿ ಇಪ್ಪತ್ತೈದು ವರ್ಷಗಳಿಂದ ಭತ್ತಕ್ಕೆ ತಾವೇ ಔಷಧಿ ಹೊಡೆಯುತ್ತಿದ್ದಾರೆ. ಪಕ್ಕದ ಗದ್ದೆಯವರಿಗೆ ಕಳೆದ ವರ್ಷ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಪತ್ತೆಯಾಯಿತು. ಊರಿನವರು ಔಷಧಿಯೇ ಕಾರಣವೆನ್ನುತ್ತಾರೆ, ಅಂಗಡಿಯವರು ಸುಳ್ಳೆನ್ನುತ್ತಾರೆ. ತಂದೆಯವರಿಗೆ ಪರೀಕ್ಷೆ ಮಾಡಿಸಬೇಕೇ?
– ಓದುಗರೊಬ್ಬರು, ಹರಿಹರ ತಾಲ್ಲೂಕು

ಉತ್ತರ: ಇಬ್ಬರ ಮಾತೂ ಪೂರ್ತಿ ಸರಿಯಲ್ಲ. ‘ಔಷಧಿ’ ಎಂದು ಒಂದೇ ಹೆಸರಿನಿಂದ ಕರೆದರೂ ಅವು ಬೇರೆ ಬೇರೆ ರಾಸಾಯನಿಕಗಳು. ಪ್ರತಿಯೊಂದರ ವಿಷಯದಲ್ಲಿ ದೊರೆತಿರುವ ಪುರಾವೆಯೂ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಲಿಂಡೇನ್ ಎಂಬ ಕೀಟನಾಶಕ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ಖಚಿತವಾಗಿ ಹೇಳಿತು; ಆ ಕ್ಯಾನ್ಸರ್ ನೀವು ಹೇಳಿದ ಲಿಂಫೋಮಾದ ಬಗೆಯದೇ. ಕೀಟನಾಶಕಗಳಾದ ಮೆಲಾಥಿಯಾನ್, ಡಯಾಜಿನಾನ್ ಮತ್ತು ಕಳೆನಾಶಕ ಗ್ಲೈಫೋಸೇಟ್‌ಗಳನ್ನು ಅದೇ ವರ್ಷ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಗುಂಪಿಗೆ ಸೇರಿಸಿತು. ಈ ವರ್ಗೀಕರಣ ಪುರಾವೆ ಎಷ್ಟು ಬಲವಾಗಿದೆ ಎಂಬುದನ್ನು ತಿಳಿಸುತ್ತದೆಯೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಕುರಿ, ದನಗಳ ಮಾಂಸವೂ ಈ ‘ಬಹುಶಃ’ ಗುಂಪಿನಲ್ಲಿದೆ.

ಅಮೆರಿಕದ ಅಯೋವಾ ಮತ್ತು ನಾರ್ತ್ ಕ್ಯಾರೊಲಿನಾ ರಾಜ್ಯಗಳಲ್ಲಿ 1993ರಿಂದ ಔಷಧಿ ಸಿಂಪಡಿಸುವವರನ್ನು ಅವಲೋಕಿಸುತ್ತಿರುವ ದೊಡ್ಡ ಅಧ್ಯಯನವೊಂದು, ಸುಮಾರು 54,000 ಜನರ ಮಾಹಿತಿ ಆಧರಿಸಿ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಗ್ಲೈಫೋಸೇಟ್‌ಗೂ ಲಿಂಫೋಮಾಕ್ಕೂ ಸಂಬಂಧ ಕಾಣಲಿಲ್ಲ. ಅಂಗಡಿಯವರು ಮುಂದೆ ಮಾಡುವುದು ಇಂಥ ವರದಿಗಳನ್ನೇ. ಆದರೆ ಅಲ್ಲಿನವರು ತರಬೇತಿ ಪಡೆದು ಪರವಾನಗಿ ಹೊಂದಿದವರು. ನಮ್ಮಲ್ಲಿ ಬೆನ್ನಿಗೆ ಸೋರುವ ಪಂಪು ಹೊತ್ತು, ಕೆಸರಿನಲ್ಲಿ ಬರಿಗಾಲಿನಲ್ಲಿ ನಡೆಯುತ್ತ ಹೊಡೆಯುವವರಿಗೆ ಆ ಸಮಾಧಾನವನ್ನು ಹಾಗೆಯೇ ಅನ್ವಯಿಸಲು ನನಗೆ ಮನಸ್ಸಾಗುವುದಿಲ್ಲ.

ದೇಹಕ್ಕೆ ವಿಷ ಸೇರುವುದು ಉಸಿರಿಗಿಂತ ಹೆಚ್ಚಾಗಿ ಚರ್ಮದ ಮೂಲಕ. ನೀರು ಬೆರೆಸದ ಔಷಧಿಯನ್ನು ಮುಚ್ಚಳದಲ್ಲಿ ಅಳೆದು ಬಕೆಟ್ಟಿನಲ್ಲಿ ಕೋಲಿನಿಂದ, ಕೆಲವೊಮ್ಮೆ ಕೈಯಿಂದಲೇ, ಕದಡುವ ಹೊತ್ತು ಅತ್ಯಂತ ಅಪಾಯಕಾರಿ. ಮೂಗಿಗೆ ಟವೆಲ್ ಕಟ್ಟಿ ಕೈಯನ್ನು ಬರಿದಾಗಿ ಬಿಟ್ಟರೆ ಪ್ರಯೋಜನ ಕಡಿಮೆ. ರಬ್ಬರ್ ಕೈಗವಸು, ಉದ್ದ ತೋಳಿನ ಅಂಗಿ, ಬೂಟು, ಗಾಳಿಗೆ ಬೆನ್ನು ಕೊಟ್ಟು ಹೊಡೆಯುವುದು, ಮುಗಿದ ತಕ್ಷಣ ಸೋಪು ಹಚ್ಚಿ ಸ್ನಾನ, ಆ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಸೇರಿಸದೆ ಒಗೆಯುವುದು: ಇಷ್ಟು ತಪ್ಪಬಾರದು. ಔಷಧಿ ಮೆತ್ತಿದ ಕೈಯಿಂದಲೇ ಎಲೆ ಅಡಿಕೆ ಹಾಕುವುದಂತೂ ಬೇಡವೇ ಬೇಡ. ಅಡಿಕೆಯೇ, ತಂಬಾಕು ಬೆರೆಸದಿದ್ದರೂ, ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿದೆ ಎಂಬುದನ್ನು ನಮ್ಮ ಕಡೆಯವರು ಕೇಳಿಸಿಕೊಳ್ಳಲು ಇಷ್ಟಪಡುವುದಿಲ್ಲ.

ನಿಮ್ಮ ನೆರೆಯವರ ಕಾಯಿಲೆಗೆ ಇದೇ ಕಾರಣವೆಂದು ಒಬ್ಬ ರೋಗಿಯನ್ನು ನೋಡಿ ಯಾವ ವೈದ್ಯರೂ ನಿರ್ಧರಿಸಲಾರರು. ತಂದೆಯವರಿಗೆ ‘ಔಷಧಿಯಿಂದ ಕ್ಯಾನ್ಸರ್ ಬರುತ್ತದೆಯೇ’ ಎಂದು ಮುಂದಾಗಿ ತಿಳಿಸುವ ರಕ್ತಪರೀಕ್ಷೆಯೂ ಇಲ್ಲ. ರಕ್ತದಲ್ಲಿನ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಅಳೆಯುವ ಪರೀಕ್ಷೆಯು ಕೆಲವು ಕೀಟನಾಶಕಗಳು ಇತ್ತೀಚೆಗೆ ದೇಹ ಸೇರಿದ್ದರೆ ಸೂಚಿಸುತ್ತದೆ, ಅಷ್ಟೇ. ಆದರೆ ಕುತ್ತಿಗೆ, ಕಂಕುಳು ಅಥವಾ ತೊಡೆಸಂದಿನಲ್ಲಿ ನೋವಿಲ್ಲದ ಗಂಟು ಎರಡು ಮೂರು ವಾರ ಕರಗದಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರಿದರೆ, ತಡಮಾಡದೆ ದಾವಣಗೆರೆಯಲ್ಲಿ ತಜ್ಞ ವೈದ್ಯರಿಗೆ ತೋರಿಸಿ. ಹೋಗುವಾಗ ಇದುವರೆಗೆ ಬಳಸಿದ ಔಷಧಿಗಳ ಹೆಸರನ್ನು, ನೆನಪಿದ್ದಷ್ಟು, ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.