ಆಪ್ತಸಲಹೆ ಪ್ರಕರಣ: ಹೂ ಕಟ್ಟುವ ಕೈಗೆ ಏಟಾದಾಗ

ಇಲ್ಲಿ ಹೆಸರು, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಸರೋಜಮ್ಮ ಎಂದಿಟ್ಟುಕೊಳ್ಳಿ. ವಯಸ್ಸು 43. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಹೂ ಕಟ್ಟಿ ಮಾರುವವರು. ನನ್ನ ಬಳಿ ಬಂದದ್ದು ಪರಿಹಾರದ ವಿಷಯಕ್ಕಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ, ಗಾಡಿ ರಿವರ್ಸ್ ಹೋಗುವ ಸದ್ದು ಕೇಳಿದರೆ ಮೈಯೆಲ್ಲ ನಡುಗುತ್ತೆ ಎಂದು ಮಗಳು ಕರೆತಂದಿದ್ದಳು.

ನಾಲ್ಕು ತಿಂಗಳ ಹಿಂದೆ, ಬೆಳಗಿನ ಜಾವ. ಸರೋಜಮ್ಮ ಮಾರ್ಕೆಟ್ ಪಕ್ಕ ರಸ್ತೆ ಬದಿಯಲ್ಲಿ ಪುಟ್ಟಿ ಇಟ್ಟುಕೊಂಡು ಕೂತಿದ್ದರು. ತರಕಾರಿ ಇಳಿಸಿದ ಟೆಂಪೋ ಹಿಂದಕ್ಕೆ ಬಂತು. ಹಿಂದೆ ನಿಂತು ನೋಡಲು ಕ್ಲೀನರ್ ಇರಲಿಲ್ಲ. ಬಲಗೈ ಮಣಿಕಟ್ಟು ಮುರಿಯಿತು. ಆಪರೇಷನ್ ಮಾಡಿ ಪ್ಲೇಟ್ ಹಾಕಿದರು. ಈಗ ಹೆಬ್ಬೆರಳು ಪೂರ್ತಿ ಮಡಚುವುದಿಲ್ಲ. ಹೂ ಕಟ್ಟುವುದನ್ನು ನೋಡಿದವರಿಗೆ ಗೊತ್ತು, ಗಂಟು ಬೀಳುವುದೇ ಹೆಬ್ಬೆರಳು ಮತ್ತು ಎರಡು ಬೆರಳಿನ ನಡುವೆ.

ಟೆಂಪೋ ಮಾಲೀಕ ಅವರ ಭಾವನಿಗೆ ಪರಿಚಯದವನು. ‘25,000 ಕೊಡ್ತಾನೆ, ಒಂದು ಕಾಗದಕ್ಕೆ ಸೈನ್ ಹಾಕಿ ಮುಗಿಸಿಬಿಡಿ, ಒಂದೇ ಊರಿನವರು’ ಎಂದು ಭಾವ ಹೇಳಿದ್ದರು. ಪೊಲೀಸರಿಗೂ ‘ನಾವೇ ಮಾತಾಡ್ಕೋತೀವಿ’ ಎಂದುಬಿಟ್ಟಿದ್ದರು. ಹಾಗಾಗಿ ಎಫ್‌ಐಆರ್ ಆಗಿರಲಿಲ್ಲ. ಯಜಮಾನರದು ಬೇರೆ ಮಾತು: ‘ರಸ್ತೆ ಬದಿ ಹೋಗಿ ಯಾಕೆ ಕೂರಬೇಕಿತ್ತು?’

ಸರೋಜಮ್ಮ ಹೇಳಿದ್ದು ಇಷ್ಟೇ. ‘ನನ್ನ ಗ್ರಹಚಾರ ಮೇಡಂ. ಅವನ ಮೇಲೆ ಕೇಸ್ ಹಾಕಿ ಅವನ ಮನೆ ಹಾಳು ಮಾಡಿ ನನಗೇನು ಸಿಗಬೇಕು? ನನ್ನ ಸಂಪಾದನೆಯಾದರೂ ಎಷ್ಟಿತ್ತು?’

ನಿದ್ದೆಯ ವಿಷಯವನ್ನು ಈ ಮಾತಿನಿಂದ ಬಿಡಿಸಿ ನೋಡಲು ಆಗುತ್ತಿರಲಿಲ್ಲ. ಏಟು ತಿಂದವರೇ ತಪ್ಪಿತಸ್ಥರಂತೆ ಮನೆಯಲ್ಲಿ ಓಡಾಡಬೇಕಾದರೆ ನಿದ್ದೆ ಹೇಗೆ ಬರುತ್ತೆ? ಹಾಗಾಗಿ ಮೊದಲು ತಪ್ಪು ಯಾರದು ಎಂಬ ಮಾತನ್ನೇ ಎತ್ತಿಕೊಂಡೆವು. ಯಜಮಾನರನ್ನೂ ಕರೆಸಿದೆ. ಹಿಂದೆ ಯಾರಿದ್ದಾರೆ ಎಂದು ನೋಡಿ ಗಾಡಿ ಹಿಂದಕ್ಕೆ ತೆಗೆಯುವುದು ಡ್ರೈವರ್ ಕೆಲಸ ಅಲ್ವಾ ಎಂದು ಕೇಳಿದೆ. ಅವರು ಒಪ್ಪಿದರು, ಸ್ವಲ್ಪ ಹೊತ್ತು ಬೇಕಾಯಿತು ಅಷ್ಟೆ. ಆದರೆ ಅವರು ಆಡಿದ ಮಾತನ್ನೇ ನಾಳೆ ವಿಮಾ ಕಂಪನಿಯ ವಕೀಲರೂ ಆಡುತ್ತಾರೆ ಎಂದು ಆಗಲೇ ಹೇಳಿಟ್ಟೆ. ಗಾಯಗೊಂಡವರದೂ ಸ್ವಲ್ಪ ತಪ್ಪಿದೆ ಎಂದು ನ್ಯಾಯಾಲಯಕ್ಕೆ ಅನ್ನಿಸಿದರೆ ಪರಿಹಾರದಲ್ಲಿ ಅಷ್ಟು ಭಾಗ ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ.

‘ಅವನ ಮನೆ ಹಾಳಾಗುತ್ತೆ’ ಎಂಬ ಅಳುಕು ತುಂಬ ಹೆಂಗಸರಲ್ಲಿ ನೋಡಿದ್ದೇನೆ. ಒಳ್ಳೆಯ ಮನಸ್ಸಿನ ಅಳುಕೇ. ಆದರೆ ಲೆಕ್ಕ ಬೇರೆ ಇದೆ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ, ಅಂದರೆ ಆ ವಾಹನದಿಂದ ಬೇರೆಯವರಿಗೆ ಆಗುವ ಹಾನಿಗೆ ವಿಮೆ, ಕಡ್ಡಾಯ. ವಿಮೆ ಚಾಲ್ತಿಯಲ್ಲಿದ್ದರೆ ಸಾಮಾನ್ಯವಾಗಿ ದುಡ್ಡು ಕೊಡುವುದು ಕಂಪನಿ, ಮಾಲೀಕನ ಜೇಬಲ್ಲ. ವಿಮೆ ಇಲ್ಲದಿದ್ದರೆ ಹೊಣೆ ಮಾಲೀಕನ ಮೇಲೇ ಬೀಳುತ್ತೆ. ಡ್ರೈವರ್‌ಗೆ ಲೈಸೆನ್ಸ್ ಇಲ್ಲದಿದ್ದರೂ ಕಂಪನಿ ತಕರಾರು ತೆಗೆಯುತ್ತೆ. 25,000ಕ್ಕೆ ಅವಸರ ಮಾಡುವ ಮಾಲೀಕರನ್ನು ಕಂಡಾಗ ನನಗೆ ಮೊದಲು ಬರುವ ಅನುಮಾನ ಇದೇ: ವಿಮೆ ಕಟ್ಟಿದ್ದಾನೋ ಇಲ್ಲವೋ? ಇಲ್ಲಿ ಕಟ್ಟಿದ್ದ. ಸುಮ್ನೆ ಠಾಣೆ, ಕೋರ್ಟು ಎಂದರೆ ಹೆದರಿಕೆ.

ಸೈನ್ ಹಾಕಬೇಡಿ ಎಂದೆ. ಅಂಥ ಕಾಗದದಿಂದ ಹಕ್ಕೇ ಹೋಗಿಬಿಡುತ್ತೆ ಎಂದೇನಿಲ್ಲ, ಆದರೆ ಎದುರು ಪಕ್ಷದವರು ಮೊದಲು ತೋರಿಸುವುದು ಅದನ್ನೇ.

ಆಮೇಲೆ ಕಾಲದ ಪ್ರಶ್ನೆ. ಅಪಘಾತದ ದಿನದಿಂದ 6 ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು ಎಂಬ ನಿಯಮ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು ಸುಮಾರು ಕಾಲು ಶತಮಾನ ಇಂಥ ಮಿತಿಯೇ ಇರಲಿಲ್ಲ. ಹಾಗಾಗಿ ‘ಯಾವಾಗ ಬೇಕಾದರೂ ಹಾಕಬಹುದು’ ಎಂದು ಹಳೆಯ ಲೆಕ್ಕ ಹೇಳುವ ಹಿರಿಯರು ಈಗಲೂ ಇದ್ದಾರೆ. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮುಂದೆ ಹೋಗಿ, 2025ರ ನವೆಂಬರ್‌ನಲ್ಲಿ ತಡವಾಯಿತು ಎಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ಮಧ್ಯಂತರ ಆದೇಶ, ಅಂದರೆ ಅಂತಿಮ ತೀರ್ಪಿಗೆ ಮುಂಚಿನ ತಾತ್ಕಾಲಿಕ ಆದೇಶ, ಬಂತು. ಮಧ್ಯಂತರ ಆದೇಶವನ್ನು ನಂಬಿಕೊಂಡು ಮನೆಯಲ್ಲಿ ಕೂರಬಾರದು. ಸರೋಜಮ್ಮನಿಗೆ ಎರಡು ತಿಂಗಳು ಬಾಕಿ ಇತ್ತು.

ಎಫ್‌ಐಆರ್ ಇಲ್ಲವಲ್ಲ ಎಂಬುದು ಮಗಳ ಚಿಂತೆ. ಆಸ್ಪತ್ರೆಗೆ ಸೇರಿಸಿದಾಗ ಅಪಘಾತ ಎಂದು ಎಂಎಲ್‌ಸಿ (ಪೊಲೀಸರಿಗೆ ಸಂಬಂಧಿಸಿದ ಗಾಯಗಳಿಗೆ ಆಸ್ಪತ್ರೆ ಬರೆದಿಡುವ ದಾಖಲೆ) ದಾಖಲಾಗಿತ್ತು, ಟೆಂಪೋ ನಂಬರು ಅದರಲ್ಲೇ ಇತ್ತು. ಅದು ದೊಡ್ಡ ಆಧಾರ. ದೂರು ತಡವಾಯಿತು ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಯಾಕೆ ತಡವಾಯಿತು ಎಂಬುದನ್ನು ದೂರಿನಲ್ಲೇ ಬರೆಯಿರಿ, ಆಪರೇಷನ್ ಆಗಿತ್ತು, ರಾಜಿ ಮಾತು ನಡೆಯುತ್ತಿತ್ತು ಎಂದು ಇದ್ದದ್ದನ್ನೇ ಬರೆಯಿರಿ ಎಂದೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸುವ ದಾರಿ ಇದೆ. ಅದರ ಅಗತ್ಯ ಬೀಳಲಿಲ್ಲ.

ಈಗ ಅವರ ದೊಡ್ಡ ಪ್ರಶ್ನೆಗೆ ಬರುತ್ತೇನೆ, ‘ನನ್ನ ಸಂಪಾದನೆಯಾದರೂ ಎಷ್ಟಿತ್ತು?’

ಈ ಮಾತಿಗೆ ನಾನು ಹೆಚ್ಚು ಸಮಯ ಕೊಟ್ಟೆ. ಡಾಕ್ಟರು ಊನದ ಪ್ರಮಾಣಪತ್ರದಲ್ಲಿ ಕೈಗೆ 24% ಎಂದು ಬರೆದರು ಎನ್ನಿ. ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಅಂದರೆ 8% ಎಂದು ತೆಗೆದುಕೊಳ್ಳುವ ರೂಢಿ ನಮ್ಮ ಕೋರ್ಟುಗಳಲ್ಲಿ ಇದೆ. ತಿಂಗಳಿಗೆ 12,000 ಆದಾಯ ಎಂದಿಟ್ಟುಕೊಂಡರೆ ವರ್ಷಕ್ಕೆ 1,44,000. 41ರಿಂದ 45ರ ವಯಸ್ಸಿಗೆ ವರ್ಷದ ಆದಾಯವನ್ನು 14ರಿಂದ ಗುಣಿಸಬೇಕೆಂದು ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪು ಹೇಳುತ್ತೆ. ಅದು 20,16,000. ಅದರ 8% ಎಂದರೆ 1,61,280 ರೂಪಾಯಿ. ಇಲ್ಲಿಗೇ ಮುಗಿಯಬೇಕಿಲ್ಲ. 2010ರ ರಾಜ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ದೇಹಕ್ಕೆ ಎಷ್ಟು ಊನ ಎಂಬುದಲ್ಲ, ಆ ಮನುಷ್ಯನ ದುಡಿಮೆಗೆ ಎಷ್ಟು ಏಟು ಬಿತ್ತು ಎಂದು ನೋಡಬೇಕು ಅಂತ. ಎಡಗೈ ಹೋದ ಗುಮಾಸ್ತ ಕೆಲಸದಲ್ಲಿ ಮುಂದುವರಿಯಬಹುದು, ಅದೇ ಕೈ ಹೋದ ಡ್ರೈವರ್ ಅಥವಾ ಬಡಗಿ ಮುಂದುವರಿಯಲಾರ. ಹೂ ಕಟ್ಟುವವರ ಹೆಬ್ಬೆರಳೂ ಹಾಗೆಯೇ ತಾನೆ? ದುಡಿಮೆಯ ನಷ್ಟ 25% ಎಂದು ನ್ಯಾಯಾಲಯ ಒಪ್ಪಿದರೆ ಅದೇ ಲೆಕ್ಕ 5,04,000 ಆಗುತ್ತೆ. ಒಪ್ಪೇ ಒಪ್ಪುತ್ತೆ ಎಂದು ನಾನು ಭರವಸೆ ಕೊಡಲಿಲ್ಲ. ಆದರೆ ಕೇಳದಿದ್ದರೆ, ಸಾಕ್ಷಿ ಕೊಡದಿದ್ದರೆ, 8% ಬಳಿಯೇ ನಿಂತುಬಿಡುವ ಸಾಧ್ಯತೆ ಜಾಸ್ತಿ.

ಸಾಕ್ಷಿ ಎಂದರೆ ಸಂಬಳದ ಚೀಟಿ ಎಂದೇ ಅವರು ತಿಳಿದಿದ್ದರು. ಮನೆಯಲ್ಲಿ ಹುಡುಕಿಸಿದೆ. ಪುರಸಭೆ ಕೊಟ್ಟ ಬೀದಿಬದಿ ವ್ಯಾಪಾರಿ ಗುರುತಿನ ಚೀಟಿ ಸಿಕ್ಕಿತು. ಬೀದಿಬದಿ ವ್ಯಾಪಾರಿಗಳಿಗೆ ಸಾಲ ಕೊಡುವ ಪಿಎಂ ಸ್ವನಿಧಿ ಯೋಜನೆಯಲ್ಲಿ ಪಡೆದ 10,000 ಸಾಲ ತೀರಿಸಿದ ಪಾಸ್‌ಬುಕ್ ಸಿಕ್ಕಿತು. ಸ್ತ್ರೀಶಕ್ತಿ ಸಂಘದ ಉಳಿತಾಯದ ಪುಸ್ತಕ, ಫೋನ್‌ಪೇಯಲ್ಲಿ ಗಿರಾಕಿಗಳು ಹಾಕಿದ ಚಿಲ್ಲರೆ ಹಣದ ಪಟ್ಟಿ, ಮಂಡಿಯಲ್ಲಿ ಕನಕಾಂಬರ, ಸೇವಂತಿಗೆ ಕೊಡುತ್ತಿದ್ದವನ ಉದ್ರಿ ಚೀಟಿಗಳು. ತನ್ನ ದುಡಿಮೆ ಕಾಗದದ ಮೇಲೆ ಇಷ್ಟೊಂದು ಇದೆ ಎಂದು ಸರೋಜಮ್ಮನಿಗೇ ಗೊತ್ತಿರಲಿಲ್ಲ.

ಜೊತೆಗೆ ಮಗಳಿಗೆ ಒಂದು ನೋಟ್‌ಬುಕ್ ಇಡಲು ಹೇಳಿದೆ. ಅಮ್ಮನ ಕೈಯಿಂದ ಈಗ ಏನೇನು ಆಗುವುದಿಲ್ಲ, ಅದನ್ನು ಯಾರು ಮಾಡುತ್ತಿದ್ದಾರೆ, ಎರಡನ್ನೂ ಬರೆಯಬೇಕು. ಮುದ್ದೆ ತಿರುವಲು ಆಗಲ್ಲ. ಬಟ್ಟೆ ಹಿಂಡಲು ಆಗಲ್ಲ. ಬಿಂದಿಗೆ ಎತ್ತಲು ಆಗಲ್ಲ. ರವಿಕೆ ಹುಕ್ಕು ಹಾಕಲು ಮಗಳೇ ಬೇಕು. ಮನೆಗೆಲಸಕ್ಕೂ ಬೆಲೆ ಇದೆ ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಒಪ್ಪಿದೆ. ನೋವು, ಓಡಾಟದ ಖರ್ಚು, ಪೌಷ್ಟಿಕ ಆಹಾರ, ನೋಡಿಕೊಂಡವರ ಕೂಲಿ, ಮುಂದೆ ಪ್ಲೇಟ್ ತೆಗೆಸುವ ಆಪರೇಷನ್, ಎಲ್ಲಕ್ಕೂ ಬೇರೆ ಬೇರೆ ಕೇಳಬಹುದು. ನೋಟ್‌ಬುಕ್‌ನಿಂದ ನನಗೆ ಇನ್ನೊಂದು ಲಾಭವೂ ಆಯಿತು. ಅದನ್ನು ಓದಿದ ಮೇಲೆ ಯಜಮಾನರು ಬಿಂದಿಗೆ ಎತ್ತತೊಡಗಿದರು.

ಆಸ್ಪತ್ರೆಯ ವಾರ್ಡಿನಲ್ಲೇ ಒಬ್ಬ ಏಜೆಂಟ್ ಬಂದು, ‘ಬಂದ ದುಡ್ಡಲ್ಲಿ ನಮಗೆ 30% ಕೊಡಿ, ಉಳಿದದ್ದು ನಾವು ನೋಡ್ಕೋತೀವಿ’ ಎಂದು ಖಾಲಿ ಹಾಳೆಗೆ ಹೆಬ್ಬೆಟ್ಟು ಕೇಳಿದ್ದನಂತೆ. ಗೆದ್ದ ಹಣದಲ್ಲಿ ಪಾಲು ಎಂದು ವಕೀಲರು ಒಪ್ಪಂದ ಮಾಡಿಕೊಳ್ಳುವುದನ್ನೇ ಬಾರ್ ಕೌನ್ಸಿಲ್ ನಿಯಮ ನಿಷೇಧಿಸುತ್ತೆ, ಏಜೆಂಟ್ ಮಾತಂತೂ ಬಿಡಿ. ಬದಲಿಗೆ ಅವರನ್ನು ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಕಳಿಸಿದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಫೋನಿನಲ್ಲಿ ವಿಚಾರಿಸಲು 15100 ಇದೆ. ಬಿಲ್ಲು, ಎಕ್ಸ್‌ರೇ, ಡಿಸ್ಚಾರ್ಜ್ ಕಾರ್ಡ್ ಎಲ್ಲದರ ಜೆರಾಕ್ಸ್ ಮನೆಯಲ್ಲಿ ಇಟ್ಟುಕೊಂಡೇ ಅಸಲನ್ನು ಕೊಡಿ ಎಂದು ಮಗಳಿಗೆ ಎರಡೆರಡು ಸಲ ಹೇಳಿದೆ.

ಭಯದ ವಿಷಯದಲ್ಲಿ ಅವಸರ ಮಾಡಲಿಲ್ಲ. ಮೊದಲು ಮಗಳ ಜೊತೆ ಮಧ್ಯಾಹ್ನ, ಗಾಡಿ ಕಡಿಮೆ ಇರುವಾಗ ಮಾರ್ಕೆಟ್ ರಸ್ತೆಯ ತುದಿವರೆಗೆ. ನಡುಕ ಬಂದರೆ ಓಡಿ ಬರಬಾರದು, ಅಲ್ಲೇ ನಿಂತು ಉಸಿರು ನಿಧಾನ ಮಾಡಿಕೊಂಡು, ಅದು ಇಳಿದ ಮೇಲೆ ಹೊರಡಬೇಕು. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಲು ಹೇಳಿದೆ, ಕನ್ನಡದಲ್ಲೇ ಮಾತಾಡುತ್ತಾರೆ. ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೂ ತೋರಿಸಿದೆವು. ಆ ಚೀಟಿಯೂ ಕೇಸಿಗೆ ಸೇರಿತು. ಮನಸ್ಸಿಗೆ ಆದ ಏಟೂ ಏಟೇ.

ಕೋರ್ಟಿನಲ್ಲಿ ನಿಲ್ಲುವ ಬಗ್ಗೆಯೂ ಮಾತಾಡಿದೆವು. ಪಾಟೀ ಸವಾಲಿನಲ್ಲಿ ‘ನೀವೇ ಅಡ್ಡ ಬಂದಿರಿ’, ‘ಕೈ ಚೆನ್ನಾಗೇ ಇದೆ’ ಎಂದು ಕೇಳುತ್ತಾರೆ. ಅದು ವಕೀಲರ ಕೆಲಸ, ನಿಮ್ಮ ಮೇಲೆ ದ್ವೇಷವಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ. ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆದರೆ ಹೋಗಿ, ಬೇಗ ಮುಗಿಯುತ್ತೆ. ಆದರೆ ಅಲ್ಲಿ ಒಪ್ಪಿಕೊಂಡ ಮೇಲೆ ಮೇಲ್ಮನವಿ ಇಲ್ಲ. ಊನದ ಪ್ರಮಾಣಪತ್ರ ಕೈಗೆ ಬರುವ ಮುಂಚೆ ಯಾವ ಮೊತ್ತಕ್ಕೂ ಹೂಂ ಅನ್ನಬೇಡಿ.

ಗಡುವಿನೊಳಗೆ ಅರ್ಜಿ ದಾಖಲಾಯಿತು. ಕೇಸು ಇನ್ನೂ ನಡೆಯುತ್ತಿದೆ. ಸರೋಜಮ್ಮ ಈಗ ಮಗಳು ಕಟ್ಟಿದ ಹೂವನ್ನು ಮಾರುತ್ತಾರೆ. ಕಳೆದ ಸಲ ಬಂದಾಗ ಒಂದೇ ಪ್ರಶ್ನೆ ತಂದಿದ್ದರು: ದುಡ್ಡು ಬಂದರೆ ಯಾರ ಅಕೌಂಟಿಗೆ ಬರುತ್ತೆ? ಭಾವ ತಮ್ಮದನ್ನು ಕೊಡಿ ಅಂದಿದ್ದರಂತೆ. ಗಾಯಗೊಂಡವರು ನೀವು, ಹಣ ನಿಮ್ಮ ಹೆಸರಿನ ಖಾತೆಗೇ ಬರಬೇಕು, ಒಂದು ಭಾಗವನ್ನು ನ್ಯಾಯಾಲಯವೇ ನಿಮ್ಮ ಹೆಸರಿನಲ್ಲಿ ಠೇವಣಿ ಇಡಿಸಲೂಬಹುದು ಎಂದೆ. ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ವಕೀಲರಿಗೆ ಕೊಟ್ಟು ಬಂದಿದ್ದಾರೆ.