ಮಿಲ್ಫ್ ಅಂದ್ರೆ ಏನು ಮೇಡಂ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಪೋಲಿ ಮಾತಿನ ಬಗ್ಗೆಯೇ ಇವೆ. ಇಷ್ಟು ವರ್ಷ ಭಾಷೆಯ ಪಾಠ ಹೇಳಿ ಕೊನೆಗೆ ನನಗೆ ಉಳಿದ ಕೆಲಸ ಇದು. ಸಂಧಿ, ಸಮಾಸ ಯಾರಿಗೂ ಬೇಡ. ಇರಲಿ, ಕೇಳಿದ್ದಕ್ಕೆ ಹೇಳುತ್ತೇನೆ.

ಪ್ರಶ್ನೆ: ನನ್ನ ಮಗ ಪಿಯುಸಿ ಓದುತ್ತಿದ್ದಾನೆ. ಮೊನ್ನೆ ನನ್ನ ತಂಗಿ ಮನೆಗೆ ಬಂದಾಗ ಅವನ ಗೆಳೆಯ ‘ಮಿಲ್ಫ್’ ಅಂದ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಏನೋ ಅದು ಅಂದರೆ, ‘ಏನಿಲ್ಲಮ್ಮ, ಚಿಗವ್ವ ಚೆನ್ನಾಗಿದ್ದಾಳೆ ಅಂತ’ ಅಂದ. ನಿಜವೇ ಮೇಡಂ? (ಕೌಲ್ ಬಜಾರ್, ಬಳ್ಳಾರಿ)

ಅರ್ಧ ನಿಜ. ಉಳಿದರ್ಧವನ್ನು ನುಂಗಿಕೊಂಡಿದ್ದಾನೆ. ಅದು ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಸೇರಿಸಿ ಕಟ್ಟಿದ ಪದ. ಮೊದಲ ಅಕ್ಷರ ‘ತಾಯಿ’. ನಡುವಿನ ಎರಡಕ್ಕೆ ‘ನನಗೆ ಆಸೆ’ ಅಂತ. ಕೊನೆಯದು ಎಫ್, ಇಂಗ್ಲಿಷಿನ ಆ ದೊಡ್ಡ ಬೈಗುಳದ ಎಫ್. ಮಕ್ಕಳ ತಾಯಿಯಾಗಿದ್ದರೂ ಇವಳ ಜೊತೆ ಮಲಗಬೇಕು ಅನಿಸುತ್ತದೆ ಎಂಬುದು ಒಟ್ಟು ಅರ್ಥ. ಇದನ್ನೇ ಅವನು ‘ಚೆನ್ನಾಗಿದ್ದಾಳೆ’ ಅಂತ ಅನುವಾದ ಮಾಡಿಕೊಟ್ಟಿದ್ದು.

ಇದು ಹಳೆಯ ಪದವೇನೂ ಅಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ವಿದ್ಯಾರ್ಥಿಗಳಿಂದ ಆಡುಮಾತು ಸಂಗ್ರಹಿಸಿದಾಗಲೇ ಅದರಲ್ಲಿ ಇದೂ ಸಿಕ್ಕಿತ್ತು. ಆಗಿನ್ನೂ ಕಾಲೇಜು ಹುಡುಗರ ಗುಟ್ಟಿನ ಮಾತು. ಊರಿಗೆಲ್ಲ ಹಂಚಿದ್ದು 1999ರಲ್ಲಿ ಬಂದ ‘ಅಮೆರಿಕನ್ ಪೈ’ ಸಿನಿಮಾ. ಒಂದು ಪಾರ್ಟಿಯಲ್ಲಿ ಇಬ್ಬರು ಹುಡುಗರು ಗೆಳೆಯನ ಅಮ್ಮನ ಫೋಟೊ ಮುಂದೆ ನಿಂತು ಈ ಪದ ಆಡುತ್ತಾರೆ. ಒಬ್ಬ ಅದನ್ನು ಬಿಡಿಸಿಯೂ ಹೇಳುತ್ತಾನೆ. ಜಾನ್ ಚೋ ಎಂಬ ನಟ ಮಾಡಿದ ಆ ಪಾತ್ರಕ್ಕೆ ಸಿನಿಮಾದ ಪಾತ್ರಪಟ್ಟಿಯಲ್ಲಿ ‘ಮಿಲ್ಫ್ ಹುಡುಗ ನಂಬರ್ 2’ ಅಂತ ಇದೆ! ಆಮೇಲೆ ತಡೆಯುವವರು ಯಾರು? 2003ರಲ್ಲಿ ಗೆಳತಿಯ ಅಮ್ಮನ ಮೇಲೆ ಮನಸ್ಸಿಟ್ಟ ಹುಡುಗನ ಹಾಡು ಹಿಟ್ ಆಯಿತು. 2016ರಲ್ಲಿ ಫರ್ಗಿ ಎಂಬ ಗಾಯಕಿ ಈ ಪದವನ್ನೇ ಹಾಡಿನ ಹೆಸರು ಮಾಡಿಕೊಂಡಳು. 2023ರಲ್ಲಿ ಟೀವಿ ರಿಯಾಲಿಟಿ ಶೋ ಹೆಸರಿನಲ್ಲೂ ಬಂತು. ಅಶ್ಲೀಲ ವಿಡಿಯೊದವರಿಗಂತೂ ಇದು ಅಂಗಡಿಯ ಬೋರ್ಡು. ನಿಮ್ಮ ಮಗ ಎಲ್ಲಿ ಕಲಿತ ಅಂತ ನಾನು ಹೇಳಬೇಕಿಲ್ಲ, ಅಲ್ವಾ?

(ಫಿಲಿಪ್ಪೀನ್ಸಿನಲ್ಲಿ ಒಂದು ಬಂಡುಕೋರ ಸಂಘಟನೆಗೆ ಇವೇ ನಾಲ್ಕು ಅಕ್ಷರಗಳ ಹೆಸರಿದೆ. 2014ರಲ್ಲಿ ಸರ್ಕಾರದ ಜೊತೆ ಶಾಂತಿ ಒಪ್ಪಂದ ಮಾಡಿಕೊಂಡಿತು. ಪಾಪ, ಆ ಗಂಭೀರ ಸುದ್ದಿ ಓದಿಯೂ ಕಿಸಕ್ಕನೆ ನಗುವವರಿದ್ದಾರೆ.)

ನನಗೆ ಸಿಟ್ಟು ಬರುವುದು ಆ ನಾಲ್ಕು ಅಕ್ಷರಗಳ ಮೇಲಲ್ಲ. ಅದು ನಮ್ಮಲ್ಲಿಗೆ ಬಂದು ಯಾರ ತಲೆ ಮೇಲೆ ಕೂತಿತು ನೋಡಿ. ‘ಆಂಟಿ’ ತಲೆ ಮೇಲೆ. ಈ ಪದದ ಮೂಲ ಲ್ಯಾಟಿನ್ನಿನ ‘ಅಮಿತಾ’. ಅಂದರೆ ಅಪ್ಪನ ಅಕ್ಕ ಅಥವಾ ತಂಗಿ, ನಮ್ಮ ಸೋದರತ್ತೆ. ಫ್ರೆಂಚ್ ಹಾದಿಯಲ್ಲಿ ಇಂಗ್ಲಿಷಿಗೆ ಬಂದು, ಅಲ್ಲಿಂದ ನಮ್ಮ ಓಣಿಗೆ ಬಂತು. ಪಕ್ಕದ ಮನೆಯವರನ್ನು ಅಕ್ಕ ಅನ್ನಲೋ, ಅತ್ತಿ ಅನ್ನಲೋ, ಚಿಗವ್ವ ಅನ್ನಲೋ ಅಂತ ಗೊತ್ತಾಗದ ಮಕ್ಕಳಿಗೆ ಎಷ್ಟು ಅನುಕೂಲದ ಪದವಾಗಿತ್ತು! ಕನ್ನಡ, ತೆಲುಗು, ಉರ್ದು ಮೂರೂ ಮನೆಗಳಿರುವ ಬಳ್ಳಾರಿ ಓಣಿಯಲ್ಲಿ ಎಲ್ಲರಿಗೂ ಹೊಂದುತ್ತಿತ್ತು. ಈಗ ಫೋನಿನಲ್ಲಿ ಆ ಪದ ಟೈಪ್ ಮಾಡಿದರೆ ಏನು ಬರುತ್ತದೆ ಅಂತ ನಿಮ್ಮ ಮಗನಿಗೆ ಗೊತ್ತು. ಹಿಂದಿಯ ‘ಭಾಭಿ’ಗೂ ಇದೇ ಗತಿ. ಆ ಹೆಸರಿನ ಅಶ್ಲೀಲ ಕಾಮಿಕ್ಸ್ 2008ರಲ್ಲಿ ಶುರುವಾಯಿತು. 2009ರಲ್ಲಿ ಸರ್ಕಾರ ಆ ಜಾಲತಾಣ ಮುಚ್ಚಿಸಿತು. ಜಾಲತಾಣ ಹೋಯಿತು, ಅತ್ತಿಗೆ ಎಂಬ ಪದಕ್ಕೆ ಹತ್ತಿದ ಕೊಳೆ ಹೋಗಲಿಲ್ಲ. ತರಕಾರಿ ಮಾರುವ ಹುಡುಗ ‘ಬರ್ರಿ ಆಂಟಿ’ ಅಂದರೆ ನನಗೇನೂ ಅನಿಸುವುದಿಲ್ಲ. ಅದೇ ಪದವನ್ನು ಬೈಕಿನ ಮೇಲೆ ಕೂತ ಮೂವರು ಎಳೆದು ಅಂದರೆ ಬೇರೆ. ಪದ ಒಂದೇ, ಕಿವಿಗೆ ಗೊತ್ತಾಗುತ್ತದೆ.

ಏನು ಮಾಡಬೇಕು? ಅವನ ಫೋನ್ ಕಸಿದುಕೊಳ್ಳಿ ಅಂತ ನಾನು ಹೇಳಲ್ಲ. ಗೆಳೆಯನ ಫೋನ್ ಇದ್ದೇ ಇರುತ್ತದೆ. ಊರೂರು ತಿರುಗಿ ಸಂಸ್ಕಾರ ಶಿಬಿರ ಮಾಡುವವರ ಹತ್ತಿರ ಕಳಿಸಬೇಡಿ. ಕೆಟ್ಟ ಪದದ ಕಂಪನದಿಂದ ನೆನಪಿನ ಶಕ್ತಿ ಕರಗುತ್ತದೆ ಅಂತ ಹೆದರಿಸಿ ದುಡ್ಡು ಕೀಳುವುದು ಬಿಟ್ಟರೆ ಅವರಿಗೆ ಬೇರೆ ವಿದ್ಯೆ ಇಲ್ಲ. ನನ್ನ ತರಗತಿಯಲ್ಲಿ ಹುಡುಗನೊಬ್ಬ ಇದೇ ಪದ ಆಡಿದ್ದ. ‘ಕನ್ನಡದಲ್ಲಿ ಬಿಡಿಸಿ ಹೇಳಪ್ಪ, ಪೂರ್ತಿ ವಾಕ್ಯ’ ಅಂದೆ. ಬೆವರಿದ. ಅಕ್ಷರ ಕತ್ತರಿಸಿ ಪದ ಕಟ್ಟುವುದೇ ಅದಕ್ಕೆ. ಅಮ್ಮನ ಎದುರಿಗೇ ಅಂದು, ಅಮ್ಮನಿಗೇ ತಿಳಿಯದ ಹಾಗೆ ನಗಬಹುದು. ನಿಮಗೆ ಅರ್ಥ ಗೊತ್ತು ಅಂತ ಅವನಿಗೆ ಗೊತ್ತಾದರೆ ಆ ನಗು ಅಲ್ಲಿಗೇ ನಿಲ್ಲುತ್ತದೆ. ತಂಗಿಗೆ ಹೇಳಬೇಕೋ ಬೇಡವೋ ನೀವೇ ನೋಡಿ. ನಾನಾಗಿದ್ದರೆ ಹೇಳುತ್ತಿರಲಿಲ್ಲ.

ಪ್ರಶ್ನೆ: ಎಫ್ ಬೈಗುಳವೂ ಹೀಗೇ ಅಕ್ಷರ ಸೇರಿ ಆದದ್ದಂತೆ. ಹಿಂದೆ ಗಂಡ ಹೆಂಡತಿ ಕೂಡಲು ರಾಜನ ಅಪ್ಪಣೆ ಪಡೆದು ಬಾಗಿಲಿಗೆ ಬೋರ್ಡು ಹಾಕುತ್ತಿದ್ದರಂತೆ. ನಮ್ಮ ಕೋಚಿಂಗ್ ಸರ್ ಹೇಳಿದರು. (ಸಿಂಧನೂರು)

ಇದು ಎಷ್ಟನೇ ಪತ್ರವೋ! ಸುಳ್ಳು. ಅಕ್ಷರ ಸೇರಿಸಿ ಪದ ಮಾಡುವ ಚಟ ಜಾಸ್ತಿಯಾದದ್ದು 20ನೇ ಶತಮಾನದಲ್ಲಿ. ಈ ಬೈಗುಳ 1500ಕ್ಕೂ ಮುಂಚಿನ, ಲ್ಯಾಟಿನ್ ಇಂಗ್ಲಿಷ್ ಬೆರೆಸಿದ ಒಂದು ಪದ್ಯದಲ್ಲೇ ಇದೆ, ಅದೂ ಸಂಕೇತ ಲಿಪಿಯಲ್ಲಿ ಅಡಗಿಸಿ. ಡಚ್ ಭಾಷೆಯಲ್ಲಿ ಇದಕ್ಕೆ ದಾಯಾದಿಗಳಿದ್ದಾರೆ. ಅವರಿಗೆ ಯಾವ ರಾಜ ಅಪ್ಪಣೆ ಕೊಟ್ಟಿದ್ದ? ಎಲ್ಲರಿಗೂ ಗೊತ್ತಿದ್ದ ಈ ಪದವನ್ನು ಆಕ್ಸ್‌ಫರ್ಡ್ ದೊಡ್ಡ ನಿಘಂಟು ಒಳಗೆ ಬಿಟ್ಟುಕೊಂಡಿದ್ದು 1972ರಲ್ಲಿ. ಕೋಚಿಂಗ್ ಸರ್‌ಗೆ ಈ ಪುಟ ತೋರಿಸಿ.

ಪ್ರಶ್ನೆ: ‘ಆಂಟಿ’ ಬಂದದ್ದು ನಮ್ಮ ‘ಅತ್ತೆ’ಯಿಂದಲೇ ಅಲ್ವಾ? (ಗಂಗಾವತಿ)

ಅಲ್ಲ. ಮೇಲೆ ಓದಿ.

ಪ್ರಶ್ನೆ: ಇಂಗ್ಲಿಷ್ ಬರುವ ಮೊದಲು ಕನ್ನಡದಲ್ಲಿ ಪೋಲಿ ಮಾತೇ ಇರಲಿಲ್ಲವಂತೆ? (ಮಾನ್ವಿ)

ಹೋಳಿ ಹುಣ್ಣಿಮೆಗೆ ಹಲಗೆ ಬಡಿಯುತ್ತ ಏನೇನು ಕೂಗುತ್ತಿದ್ದರು ಅಂತ ನಿಮ್ಮ ಅಜ್ಜನನ್ನು ಕೇಳಿ. ಅಜ್ಜಿ ಹತ್ತಿರ ಇಲ್ಲದಾಗ.

ಪ್ರಶ್ನೆ: ರೀಲ್ಸ್ ಮಾಡ್ತೀನಿ ಮೇಡಂ. ಬಳ್ಳಾರಿ ಕಡೆಯ ಹತ್ತು ಖಡಕ್ ಬೈಗುಳ ಅರ್ಥಸಮೇತ ಕೊಡಿ. (ಸಿರುಗುಪ್ಪ)

ಕೊಡುವುದಿಲ್ಲ.